ಗೋಡೆ ದಾಟದ ಗುಟ್ಟು

“ನನ್ನನ್ನ ಕೊಂದೋರು ಇಲ್ಲೇ ಕೂತಿದ್ದಾರೆ!” ಮುದುಕ ಮೂರನೇ ಕಿಟಕಿಯ ಗಾಜು ಬಡಿದ.

ಗುಮಾಸ್ತೆ ಅವನ ಮುಖ ನೋಡಿ ಮತ್ತೆ ತಲೆ ತಗ್ಗಿಸಿದಳು. ನೋಂದಣಿ ಕಚೇರಿಯ ಕಂಪ್ಯೂಟರ್ ಪ್ರಕಾರ ಆತ ಸತ್ತಿದ್ದ. ಕಣ್ಣಿನ ಆಪರೇಷನ್ ನಾಳೆ ಬೆಳಿಗ್ಗೆ. ಸತ್ತವರ ಕಣ್ಣು ಮುಟ್ಟುವುದಿಲ್ಲ ಎಂದಿತ್ತು ಆಸ್ಪತ್ರೆ. ನಾಳೆ ತಪ್ಪಿದರೆ ಆ ಕಣ್ಣು ಹೋದಂತೆಯೇ.

“ಸರ್ವರ್ ರಿಪೇರೀಲಿದೆ ತಾತ. ಮುಂದಿನ ವಾರ ಬನ್ನಿ.”

“ಮೇಲೆ ಸರ್ವರ್ ಹತ್ರ ಬಿಡಮ್ಮ. ಎರಡು ನಿಮಿಷದಲ್ಲಿ ನನ್ನನ್ನ ನಾನೇ ಬದುಕಿಸ್ಕೊಳ್ತೀನಿ. ನಾನು ಯಾರು ಗೊತ್ತಾ?”

“ಗೊತ್ತು. ಮೃತರು.”

ಸರದಿಯಲ್ಲಿದ್ದವರು ನಕ್ಕರು. ಮುದುಕನಿಗೆ ನಗು ಬರಲಿಲ್ಲ. ಹೆದರಿಕೆಯಾಗಿತ್ತು.

ಸರ್ವರ್‌ಗೆ ಏನೂ ಆಗಿರಲಿಲ್ಲ. ಕಳೆದುಹೋಗಿದ್ದು ಅದರ ಅಡ್ಮಿನ್ ಪಾಸ್‌ವರ್ಡ್. ಸಾವನ್ನು ಯಾವ ಗುಮಾಸ್ತನಾದರೂ ದಾಖಲಿಸಬಹುದಿತ್ತು. ಅಳಿಸಲು ಅಡ್ಮಿನ್‌ನೇ ಬೇಕು. ವಿಷಯ ಗೋಡೆ ದಾಟಿದರೆ ಮಾನ ಹೋಗುತ್ತದೆಂದು ಮುಖ್ಯಾಧಿಕಾರಿ ಎಲ್ಲರ ಬಾಯಿಗೂ ಬೀಗ ಹಾಕಿದ್ದರು. ಆ ಕಚೇರಿಯಲ್ಲಿ ಚಾಚೂ ತಪ್ಪದೆ ಪಾಲನೆಯಾದ ಆದೇಶ ಅದೊಂದೇ.

ಮೇಲಿನ ಮಹಡಿಯಲ್ಲಿ, ಹೊರಗಿನಿಂದ ಕರೆಸಿದ್ದ ತಜ್ಞೆ ಕೀಲಿಮಣೆಯಿಂದ ಕೈ ತೆಗೆದಳು. “ಸರ್ವರ್‌ನ ಐದು ನಿಮಿಷ ನಿಲ್ಸಿದ್ರೆ ಹೊಸ ಪಾಸ್‌ವರ್ಡ್ ಹಾಕ್ಬಹುದು ಸಾರ್.”

“ನಿಲ್ಸೋದಾ? ಮೇಲಿನೋರಿಗೆ ವರದಿ ಹೋಗತ್ತೆ. ನಾನು ಬಂದ್ಮೇಲೆ ಅದು ಒಂದ್ಸಲಾನೂ ನಿಂತಿಲ್ಲ!”

ಅವಳು ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದಳು.

“ಹಾಗಾದ್ರೆ ಹಳೇ ಅಡ್ಮಿನ್‌ನೇ ಕೇಳಿ.”

“ಆ ಮಹಾಶಯರು ನಿವೃತ್ತರಾಗಿ ಎರಡು ವರ್ಷ ಆಯ್ತು. ಇಲ್ಲಿರೋರೆಲ್ಲ ಹೊಸಬರು.”

ಕೆಳಗೆ ಗದ್ದಲ ಜೋರಾಯಿತು. ಮುಖ್ಯಾಧಿಕಾರಿ ಮೆಟ್ಟಿಲ ಬಳಿ ಬಂದು ಕೂಗಿದರು: “ಆ ಮುದುಕನ್ನ ಹೊರಗೆ ಹಾಕ್ರೀ! ತಲೆ ಕೆಟ್ಟಿದೆ ಅವನಿಗೆ!”

ಕಾವಲುಗಾರ ಮುದುಕನ ರಟ್ಟೆ ಹಿಡಿದು ಬೀದಿಗೆ ಬಿಟ್ಟ. ಸದ್ದಡಗಿದ ಮೇಲೆ ಮುಖ್ಯಾಧಿಕಾರಿ ಗುಮಾಸ್ತೆಯನ್ನು ಕರೆದು, ಹಳೆಯ ಅಡ್ಮಿನ್ ಎಲ್ಲೇ ಇರಲಿ, ಪಾತಾಳದಲ್ಲಿದ್ದರೂ ಹುಡುಕಿ ತೆಗೆಯಬೇಕೆಂದು ಅಪ್ಪಣೆ ಮಾಡಿದರು.

ಅವಳು ಬೇಗನೆ ಹಿಂತಿರುಗಿದಳು. ಕೈಯಲ್ಲಿ ಒಂದು ಹಾಳೆ.

“ಸಿಕ್ಕಿದ್ರಾ?”

“ಸಿಕ್ಕಿದ್ರು ಸಾರ್. ಆದ್ರೆ ದಾಖಲೇಲಿ ತೀರ್ಕೊಂಡಿದ್ದಾರೆ.”

ಮುಖ್ಯಾಧಿಕಾರಿ ಕನ್ನಡಕ ತೆಗೆದು, ಮುಖವನ್ನು ಸಂತಾಪಕ್ಕೆ ಸಜ್ಜುಗೊಳಿಸಿದರು. “ಅಯ್ಯೋ ಪಾಪ. ಯಾವಾಗ?”

“ಹೋದ ತಿಂಗಳು. ಆದ್ರೆ ಈ ಫೋಟೋ ನೋಡಿ ಸಾರ್. ನೀವು ಅವರನ್ನ ಬೀದಿಗೆ ಹಾಕ್ಸಿ ಇನ್ನೂ ಹತ್ತು ನಿಮಿಷ ಆಗಿಲ್ಲ.”