ಹಿಡಿಕೆಯಿದ್ದ ಗಾಡಿ

ಇವತ್ತು ಸಾಹೇಬ ಬೀಳಲೇಬೇಕು. ಗೋದಾಮಿನ ಮೆಕ್ಯಾನಿಕ್ ಹಲ್ಲು ಕಚ್ಚಿಕೊಂಡು ನಿಂತೇ ಓಡಿಸುವ ಎರಡು ಚಕ್ರದ ಬ್ಯಾಟರಿ ಗಾಡಿಯ ಹಿಡಿಕೆಯ ಬುಡದಲ್ಲಿ ಮಂಡಿಯೂರಿದ್ದಳು. ಬೋಲ್ಟ್ ಬೆರಳಿಗೇ ಅಲುಗಾಡುತ್ತದೆಂದು ಖಚಿತವಾದ ಮೇಲೆ ಸ್ಪ್ಯಾನರನ್ನು ಜೇಬಿಗೆ ಹಾಕಿ ಎದ್ದಳು.

ಎರಡು ತಿಂಗಳ ಹಿಂದೆ ಇಲ್ಲೇ ಕಾವಲಿಗಿದ್ದ ಅವಳ ಅಣ್ಣ, ಗಸ್ತಿನಲ್ಲಿ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಸುರಕ್ಷತಾ ವಿಭಾಗದ ಸಾಹೇಬ ಕುಳಿತಲ್ಲಿಂದ ಏಳದೆ ‘ಸವಾರನದೇ ತಪ್ಪು’ ಎಂದು ಬರೆದು ಕೈತೊಳೆದುಕೊಂಡಿದ್ದ. ಅಣ್ಣನ ಕೆಲಸ ಹೋಯಿತು, ಮಾನವೂ ಹೋಯಿತು. ಈಗ ಗೋಡೆ ಹಿಡಿದು ನಡೆಯುತ್ತಾನೆ. ಅದನ್ನು ನೋಡಿದಾಗೆಲ್ಲ ಅವಳ ರಕ್ತ ಕುದಿಯುತ್ತದೆ.

ಕಾವಲಿನವರಿಗೆ ಹೊಸ ಗಾಡಿ ಕೊಳ್ಳಬೇಕಿತ್ತು. ಹಿಡಿಕೆ ಇರುವುದೋ, ಇಲ್ಲದ್ದೋ? ಹೋಲಿಸಿ ನೋಡಲು ಗೋದಾಮಿನಲ್ಲಿದ್ದ ಹಳೆಯವುಗಳಲ್ಲೇ ಒಂದೊಂದನ್ನು ತಂದು ನಿಲ್ಲಿಸುವ ಕೆಲಸ ಅವಳದು. ಓಡಿಸಿ ತೋರಿಸುವ ಹುಮ್ಮಸ್ಸು ಸಾಹೇಬನದು. ನೋಡಲು ಕಂಪನಿಯ ನಿರ್ದೇಶಕಿಯೇ ಬಂದು ಕುಳಿತರು.

ಮೊದಲು ಹಿಡಿಕೆಯಿಲ್ಲದ್ದು. ಪಾದ ಇಡುವಷ್ಟೇ ಜಾಗ. ಮೈ ವಾಲಿದತ್ತ ಓಟ. ಸಾಹೇಬ ಐದು ಮಾರು ಹೋಗುವಷ್ಟರಲ್ಲಿ ತತ್ತರಿಸಿದ, ಕೆಳಕ್ಕೆ ಹಾರಿ ಮುಗ್ಗರಿಸಿ ನಿಂತ.

“ಇದು ಸರ್ಕಸ್ಸಿನವರಿಗೆ ಸರಿ!”

“ಆದ್ರೆ ಇದ್ರಲ್ಲಿ ಆಯ ತಪ್ಪಿದ್ರೆ ಕಾಲ್ಮೇಲೇ ಇಳೀಬಹುದು ಸಾರ್. ಹಿಡಿಕೆ ಇದ್ರೆ ಮೈಭಾರ ಎಲ್ಲಾ ಅದ್ರ ಮೇಲೇ ಹಾಕ್ಬಿಡ್ತಾರೆ.”

“ಹಿಡ್ಕೊಳ್ಳೋಕೆ ಆಸರೆ ಇದ್ಮೇಲೂ ಬೀಳೋನು ನಿನ್ನಣ್ಣನಂಥ ಮೈಮರೆತೋನೇ.”

“ಹಾಗಾದ್ರೆ ನೀವೇ ತೋರ್ಸಿ ಸಾರ್.”

ಹೆಲ್ಮೆಟ್ಟಿನ ಪಟ್ಟಿಯನ್ನು ಅವಳೇ ಬಿಗಿದಳು. ಮೊಣಕೈಗೆ, ಮಂಡಿಗೆ ಮೆತ್ತೆ ಕಟ್ಟಿದಳು. ಸಾಯುವುದು ಬೇಡ, ಬಿದ್ದರೆ ಸಾಕು.

ಸಾಹೇಬ ಎದೆಯುಬ್ಬಿಸಿ ಹೊರಟ. ತಿರುವಿನಲ್ಲಿ ಹಿಡಿಕೆಯ ಮೇಲೆ ಇಡೀ ಭಾರ ಹಾಕಿದ. ಹಿಡಿಕೆ ಕಿತ್ತು ಕೈಗೇ ಬಂತು. ಗಾಡಿ ಒಂದು ಕಡೆ, ಸಾಹೇಬ ಒಂದು ಕಡೆ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಬೋಲ್ಟ್ ಸಡಿಲ!” ಬಿದ್ದಲ್ಲಿಂದಲೇ ಸಾಹೇಬ ಅರಚಿದ. “ಎಂಥಾ ಸವಾರ ಆದ್ರೂ ಬೀಳ್ತಾನೆ ಇದ್ರಲ್ಲಿ! ಇವ್ಳೇ ಮಾಡಿರೋದು, ಅಣ್ಣನ ಸೇಡು! ಗಾಡಿ ಫೈಲ್ ತೆಗೀರಿ, ಕೊನೇಲಿ ಚೆಕ್ ಮಾಡಿದ್ದು ಯಾರು ನೋಡಿ!”

ನಿರ್ದೇಶಕಿ ಬಿದ್ದಿದ್ದ ಬೋಲ್ಟನ್ನು ಎತ್ತಿ ನೋಡಿದರು. ತಿರುಪಿನ ಎಳೆಗಳೆಲ್ಲ ಸವೆದು ತುಕ್ಕು ಹಿಡಿದಿದ್ದವು. ಆಮೇಲೆ ಫೈಲು ತೆರೆದು ಗಟ್ಟಿಯಾಗಿ ಓದಿದರು. ಕೊನೆಯ ತಪಾಸಣೆ, ಅವಳಣ್ಣ ಇದೇ ಗಾಡಿಯಿಂದ ಬಿದ್ದ ದಿನ. ‘ಗಾಡಿಯಲ್ಲಿ ದೋಷವಿಲ್ಲ, ರಿಪೇರಿ ಬೇಡ.’ ಕೆಳಗೆ ಸಾಹೇಬನ ಸಹಿ.

“ನಾನು ಸಡಿಲ ಮಾಡ್ಲಿಲ್ಲ ಮೇಡಂ,” ಎಂದಳು ಅವಳು. “ಬಿಗಿ ಮಾಡ್ಲಿಲ್ಲ, ಅಷ್ಟೇ.”