ಅಮಾವಾಸ್ಯೆಯೊಳಗೆ

ಆ ಹೆಂಗಸು ಮತ್ತೆ ಬಂದು ನಿಂತದ್ದನ್ನು ಕಂಡು ಫೈನಾನ್ಸ್ ಕಚೇರಿಯ ಮ್ಯಾನೇಜರ್ ಚನ್ನವೀರಯ್ಯನಿಗೆ ತಲೆ ಚಿಟ್ಟು ಹಿಡಿಯಿತು. ಅವಳ ಗಂಡ ಆಟೋ ಸಾಲವನ್ನು ಬಡ್ಡಿ ಸಮೇತ ತೀರಿಸಿ ವರ್ಷಗಳೇ ಆಗಿದ್ದವು. ಆದರೂ ಅವನ ಕ್ರೆಡಿಟ್ ರಿಪೋರ್ಟಿನಲ್ಲಿ ಅದು ಬಾಕಿ ಎಂದೇ ಉಳಿದಿತ್ತು. ತೆಗೆಸಿಕೊಡಿ ಎಂದು ಅವನು ಸಹಿ ಹಾಕಿ ಕೊಟ್ಟಿದ್ದ ಅರ್ಜಿ ಈ ಮೇಜಿನ ಮೇಲೆಯೇ ಧೂಳು ತಿನ್ನುತ್ತಿತ್ತು.

“ಅಷ್ಟು ಅವಸರ ಏನಮ್ಮಾ? ಇನ್ನೊಂದೆರಡು ವರ್ಷ ಹೋದ್ರೆ ತಾನಾಗೇ ಅಳಿಸಿ ಹೋಗುತ್ತೆ.”

“ಈ ಅಮಾವಾಸ್ಯೆ ಒಳಗೆ ಆಗ್ಬೇಕು ಸಾರ್. ಕಟ್ಟಿದ ಸಾಲಕ್ಕೂ ಮೋಸಗಾರ ಅನ್ನಿಸ್ಕೊಂಡ್ನಲ್ಲ ಅಂತ ಅವ್ರಿಗೆ ಅದೊಂದೇ ಕೊರಗು.”

ಅಮಾವಾಸ್ಯೆ ಕಳೆದರೆ ನವರಾತ್ರಿ. ಆಯುಧಪೂಜೆಗೆ ಹೊಸ ಆಟೋ ತರುವ ಆತುರವಿರಬೇಕು ಎಂದುಕೊಂಡ ಚನ್ನವೀರಯ್ಯ. ಅವಳು ಹೋಗಿ ಬೆಂಚಿನ ಮೇಲೆ ಕೂತಳು, ಏಳುವ ಲಕ್ಷಣ ಕಾಣಲಿಲ್ಲ. ಕಾಟ ತಪ್ಪಿದರೆ ಸಾಕೆಂದು ಅವತ್ತೇ ಅರ್ಜಿಯನ್ನು ಮೇಲಿನ ಕಚೇರಿಗೆ ಕಳಿಸಿದ.

ಅಮಾವಾಸ್ಯೆಯ ಹಿಂದಿನ ದಿನ ತಿದ್ದಿದ ರಿಪೋರ್ಟು ಬಂತು. ಬಾಕಿ ಎಂಬ ಮಾತೇ ಅದರಲ್ಲಿರಲಿಲ್ಲ. ಅವಳು ಗಂಡನ ಹೆಸರಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಅದನ್ನು ಕಂಡು ಚನ್ನವೀರಯ್ಯನ ಮನಸ್ಸೂ ಮೆತ್ತಗಾಯಿತು.

“ಹಬ್ಬದೊಳಗೆ ನಿಮ್ಮ ಯಜಮಾನ್ರನ್ನ ಕಳ್ಸಿ. ಹೊಸ ಆಟೋಗೆ ನಾನೇ ನಿಂತು ಸಾಲ ಮಾಡಿಸಿಕೊಡ್ತೀನಿ.”

ಅವಳು ಕಾಗದವನ್ನು ಮಡಚಿ ಸೆರಗಿನಲ್ಲಿ ಸುತ್ತಿಕೊಂಡಳು.

“ಅವ್ರೆಲ್ಲಿ ಬರ್ತಾರೆ ಸಾರ್. ನಾಳೆ ಅವ್ರಿಗೆ ಎಡೆ ಇಡ್ಬೇಕು. ಆಸೆ ಪಟ್ಟಿದ್ದನ್ನ ಇಡ್ಬೇಕಲ್ಲ, ಇದನ್ನೇ ಫೋಟೋ ಮುಂದೆ ಇಡ್ತೀನಿ.”