ಒಳಪರದೆ

ಶಕುಂತಲಾಬಾಯಿಯ ಕಣ್ಣಿನ ಒಳಪರದೆಯ ಚಿತ್ರ ಮತ್ತೆ ಅರ್ಧವಷ್ಟೇ ಬಂತು, ಕೆಳಗೆಲ್ಲ ಕಪ್ಪು. ತಾಂಡೂರಿನ ಕಣ್ಣಿನ ದವಾಖಾನೆಯ ಹಳೆಯ ಕ್ಯಾಮೆರಾವನ್ನು ಹೊಸ ಕಂಪ್ಯೂಟರಿಗೆ ಒಗ್ಗಿಸುವ ಡ್ರೈವರ್ ಎಂಬ ತಂತ್ರಾಂಶವನ್ನು ತಿದ್ದುತ್ತಿದ್ದ ಮನಿಷಾ ನಿಂತಲ್ಲೇ ಕೀಬೋರ್ಡಿಗೆ ಬಾಗಿದಳು.

"ಕ್ಯಾಮೆರಾ ಕೆಟ್ಟದೇನವ್ವಾ? ಇವರಿಗೆ ಹೈದರಾಬಾದಿಗೆ ಕಳಸ್ಲೇನು?" ಡಾಕ್ಟರ್ ಗುರುಬಸವ ಕೇಳಿದರು.

"ಬ್ಯಾಡ್ರಿ ಸರ್, ಕ್ಯಾಮೆರಾ ಛಲೋ ಅದರಿ. ಚಿತ್ರ ಇಡ್ಲಕ್ಕ ಪ್ರೋಗ್ರಾಂ ಕೊಟ್ಟ ಮೆಮೊರಿ ಜಾಗಾ, ಚಿತ್ರ ಪೂರಾ ತುಂಬೋ ಮೊದ್ಲೇ ನನ್ನ ಡ್ರೈವರ್ ಬಿಡ್ಲಕತ್ತದ."

ಚಿತ್ರ ತುಂಬುವ ತನಕ ಆ ಜಾಗವನ್ನು ಬಿಡದೆ ಹಿಡಿದಿರುವಂತೆ ಅವಳು ಡ್ರೈವರ್ ತಿದ್ದಿದಳು. ಶಕುಂತಲಾಬಾಯಿ ಇನ್ನೊಮ್ಮೆ ಕ್ಯಾಮೆರಾದ ಮುಂದೆ ಗದ್ದ ಊರಿದಳು. ಈಗ ಚಿತ್ರ ಇಡಿಯಾಗಿ ಬಂತು. ಮೊದಲು ಕಪ್ಪಾಗಿದ್ದ ಕಡೆಯಲ್ಲೇ ಕಣ್ಣಿನ ಒಳಪರದೆ ಸಣ್ಣಗೆ ಹರಿದಿತ್ತು.

"ಇವತ್ತೇ ಲೇಸರ್ ಮಾಡಿದ್ರ ಕಣ್ಣು ಉಳೀತದ," ಎಂದ ಡಾಕ್ಟರ್ ಎದ್ದು, ತಮ್ಮ ಕುರ್ಚಿಯನ್ನು ಮನಿಷಾಳತ್ತ ಸರಿಸಿದರು. "ನೀ ಕುಂದ್ರವ್ವಾ."